ಹೊಟ್ಟೆಯೊಳಗಿನ ಕಿತ್ತಳೆ ಬೀಜ

ದರ್ಜಿಗೆ ಅಂದು ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾಲ್ಕು ಹೊಲಿಗೆ ಹಾಕುವುದು, ಎದ್ದು ಒಳಗೆ ಇಣುಕುವುದು, ಮತ್ತೆ ಬಂದು ಮೆಷಿನ್ ತುಳಿಯುವುದು. ಐದು ವರ್ಷದ ಮಗಳು ಬೆಳಗಿನಿಂದ ಒಂದು ತೊಟ್ಟು ನೀರು ಮುಟ್ಟಿರಲಿಲ್ಲ. ಮೊದಲೇ ಸುಡುಬಿಸಿಲು, ಅವಳ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಬಸುರಿ ಹೆಂಡತಿ ಲೋಟ ಹಿಡಿದು ಅವಳ ಹಿಂದೆ ಸುತ್ತಿ ಸುತ್ತಿ, ಸುಸ್ತಾಗಿ ಕೋಣೆಯಲ್ಲಿ ಅಡ್ಡಾಗಿದ್ದಳು.

ತಪ್ಪೆಲ್ಲ ಇವನ ಹಾಳು ಬಾಯಿಯದೇ, ಬೇರೆ ಯಾರನ್ನೂ ಅನ್ನುವ ಹಾಗಿಲ್ಲ. ಮೊನ್ನೆ ಮಗಳು ಕಿತ್ತಳೆ ಬೀಜ ನುಂಗಿದಾಗ, "ಮುಗೀತು ನಿನ್ನ ಕಥೆ. ಹೊಟ್ಟೇಲಿ ಗಿಡ ಬಂದು ಕಿವಿಯಿಂದ ಕೊಂಬೆ ಹೊರಡುತ್ತೆ" ಎಂದಿದ್ದ. ನಿನ್ನೆ ಶಾಲೆಯಲ್ಲಿ ಟೀಚರು ಒದ್ದೆ ಹತ್ತಿಯ ಮೇಲೆ ಕಾಳು ಇಟ್ಟು, ನೀರು ಸಿಕ್ಕರೆ ಮಲಗಿದ ಬೀಜ ಏಳುತ್ತದೆ ಎಂದು ಪಾಠ ಮಾಡಿದರು. ಅಲ್ಲಿಗೆ ಅಪ್ಪನ ಮಾತು ಪಕ್ಕಾ ಆಯಿತು.

ಯೋಚನೆಯಲ್ಲಿ ಅಂಗಿಯ ತೋಳನ್ನು ತಿರುಗಾಮುರುಗಾ ಜೋಡಿಸಿಬಿಟ್ಟಿದ್ದ. ಥತ್ ಎಂದು ಅದನ್ನು ಅಲ್ಲೇ ಎಸೆದು, ಲೋಟ ತಂದು ಮಗಳ ಪಕ್ಕ ನೆಲದ ಮೇಲೆ ಕೂತ.

"ನೋಡು ಪುಟ್ಟಿ, ಬೀಜಕ್ಕೆ ಬರೀ ನೀರು ಸಾಲದು. ಬೆಳಕೂ ಬೇಕು. ಹೊಟ್ಟೇಲಿ ಬೆಳಕಿದೆಯಾ?"

"ಮೊಳಕೆ ಕತ್ತಲಲ್ಲೂ ಬರುತ್ತಂತೆ. ಟೀಚರ್ ಹೇಳಿದ್ರು."

"ಅದಕ್ಕೆ ಗಾಳಿ ಬೇಡ್ವಾ? ಹೊಟ್ಟೇಲಿ ಇರೋದು ಊಟ ಕರಗಿಸೋ ಹುಳಿ ರಸ. ಬೀಜ ಕಕ್ಕದ ಜೊತೆ ಹೊರಗೆ ಹೋಗಿಬಿಡುತ್ತೆ. ಹೊಟ್ಟೇಲಿ ಏನೂ ಬೆಳೆಯಲ್ಲ ಕಣೆ."

"ಅಮ್ಮನ ಹೊಟ್ಟೇಲಿ ಪಾಪು ಬೆಳೀತಿದೆಯಲ್ಲ?"

ಕೋಣೆಯಿಂದ ಹೆಂಡತಿ, "ಈಗ ಹೇಳಿ ಉತ್ತರ, ಮಹಾರಾಯ್ರೇ" ಎಂದಳು.

"ಅದು ಊಟ ಹೋಗೋ ಹೊಟ್ಟೆ ಅಲ್ಲಮ್ಮ. ಪಾಪುಗೇ ಅಂತ ಅಮ್ಮನ ಒಳಗೆ ಬೇರೆ ಚೀಲ ಇರುತ್ತೆ. ನಾವು ಎರಡಕ್ಕೂ ಹೊಟ್ಟೆ ಅಂತೀವಿ, ಅದೇ ಎಡವಟ್ಟು." ಲೋಟವನ್ನು ಅವಳ ಮುಂದಿಟ್ಟು ಹೇಳಿದ, "ಗಿಡ ಬರುತ್ತೆ ಅಂದಿದ್ದು ಸುಳ್ಳು. ತಮಾಷೆಗೆ ಅಂದೆ."

ಮಗಳು ಅವನ ಮುಖವನ್ನೇ ನೋಡಿದಳು. ಆಮೇಲೆ ಲೋಟ ಎತ್ತಿ ಗಟಗಟ ಕುಡಿದಳು. ನೀರು ಗಲ್ಲದಿಂದಿಳಿದು ಅಂಗಿ ತೊಯ್ದಿತು. ಇವನಿಗೆ ಹೋದ ಜೀವ ಬಂದಂತಾಗಿ, ಇನ್ನೊಂದು ಲೋಟ ತರಲು ಎದ್ದ.

"ಅಪ್ಪ, ಪಾಪು ಬಂದ್ರೂ ನಾನೇ ನಿನ್ನ ಮುದ್ದು ಅಂದ್ಯಲ್ಲ. ಅದನ್ನೂ ತಮಾಷೆಗೆ ಅಂದಿದ್ದಾ?"

"ಅಲ್ಲ ಕಂದಾ" ಎಂದು ದರ್ಜಿ ಮತ್ತೆ ಅವಳ ಪಕ್ಕ ಕೂತ. ನೀರು ಕುಡಿದಷ್ಟು ಬೇಗ ಅವಳು ಈ ಮಾತನ್ನು ನಂಬಲಿಲ್ಲ.