ಗಂಡು ಹೂವು ತಲುಪಿದ ಹೊತ್ತು

ರಸ್ತೆಯ ಅರ್ಧದ ತುಂಬ ಗೋವಿನಜೋಳ ಹರವಿದ್ದಾರೆ, ಅಂಚಿಗೆ ಕಲ್ಲು ಸಾಲಿಟ್ಟಿದ್ದಾರೆ, ಗಾಲಿ ಕಾಳಿನ ಮೇಲೆ ಹತ್ತಿದರೆ ಸ್ಕೂಟಿ ಜಾರುತ್ತದೆ, ನಿಧಾನ, ನಿಧಾನ — ಇವತ್ತು ನಿಧಾನ ಹೋಗುವ ಮನಸ್ಸು ಯಾರಿಗಿದೆ, ಹಿರೇಕೆರೂರು ಬಿಟ್ಟಾಗಿನಿಂದ ಸಿಟ್ಟು, ಬರೀ ಸಿಟ್ಟು, ಅಷ್ಟ್ಯಾಕ ಸಿಟ್ಟಿಗೇಳ್ತೀರಿ ಮೇಡಮ್ಮಾರ, ನಿಮ್ಮ ರಿಪೋರ್ಟ ಭಾಳ ಚಲೋ ಐತಿ, ಅದಕ್ಕ ಕಳಿಸೇನಿ, ಎಂದನಲ್ಲ ಸುದೀಪ, ಫೋನಿನಿಂದ ತಲೆ ಎತ್ತದೆ ಎಂದ, ಅದೇ ಫೋನಿನಿಂದ ತಾನೇ ನಿನ್ನೆ ಹೊಲದ ಕೂಲಿ ಹುಚ್ಚವ್ವನ ಹೆಸರನ್ನು ಊರೂರಿಗೆ ಹಂಚಿದ್ದು. ನಮ್ಮ ಬೀಜ ಬೆಳೆಗಾರರ ಸಂಘದ ಮ್ಯಾನೇಜರ, ಅಧ್ಯಕ್ಷರ ಅಕ್ಕನ ಮಗ, ಅವನನ್ನು ಕೇಳುವವರು ಯಾರು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಎಲ್ಲೆಲ್ಲಿ ಬೀಜದ ಪ್ಲಾಟುಗಳಿವೆಯೋ ಅಲ್ಲಿನ ಮೇಸ್ತ್ರಿಗಳೆಲ್ಲ ಇರುವ ವಾಟ್ಸಾಪ್ ಗುಂಪು, ಅದಕ್ಕೆ ಯಾರ ಕೈಗೆ ಎಷ್ಟು ಕಾಯಿ ಕಟ್ಟಿತೆಂಬ ನನ್ನ ವರದಿಯ ಚಿತ್ರ, ಕೊನೆಯ ಸಾಲಿಗೆ ಬೆರಳಿನಿಂದ ಗೀಚಿದ ಒಂದು ಸುತ್ತು, ಸುತ್ತಿನೊಳಗೆ ಹುಚ್ಚವ್ವ, ಇಂಥವರನ್ನ ಕೆಲಸಕ್ಕ ಹಚ್ಚಬ್ಯಾಡ್ರಿ ಎಂದು ಕೆಳಗೊಂದು ಮಾತು. ಇವತ್ತು ಬೆಳಿಗ್ಗೆ ಹೊಲಕ್ಕೆ ಹೋದವಳನ್ನು ಬದುವಿನ ಮೇಲಿಂದಲೇ ಹಿಂದಕ್ಕೆ ಕಳಿಸಿದ್ದಾರೆ, ಅವಳ ಜೊತೆ ದುಡಿಯುವ ಕುಲಸುಮಬಿ ಫೋನು ಮಾಡಿ ಹೇಳಿದಳು, ಹೇಳುವಾಗ ಅವಳ ದನಿಯೂ ಸಣ್ಣದಾಗಿತ್ತು, ನಾಳೆ ನನ್ನ ಹೆಸರೋ ಏನೋ ಎಂಬಂತೆ. ನಾನು ಮಾಡಿದ ವರದಿ. ಯಾರೋ ಮಾಡಿದ್ದರೆ ಇಷ್ಟು ಉರಿಯುತ್ತಿತ್ತೇ.

ನಾನು ಸಂಘದಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿನ ಕಂಪ್ಯೂಟರಿನಲ್ಲಿ ಇದ್ದದ್ದು ಪುಕ್ಕಟೆ ಸಾಫ್ಟ್‌ವೇರು, ಯಾರು ಬೇಕಾದರೂ ಇಳಿಸಿಕೊಂಡು, ಬಿಚ್ಚಿ ನೋಡಿ, ತಿದ್ದಿ, ಮತ್ತೆ ಎಲ್ಲರಿಗೂ ಕೊಡಬಹುದಾದದ್ದು, ಬಿಲ್ಲು ಹಾಕುತ್ತಿತ್ತು, ಗೋದಾಮಿನ ಚೀಲ ಎಣಿಸುತ್ತಿತ್ತು, ಪಗಾರ ಬರೆದಿಡುತ್ತಿತ್ತು, ಆದರೆ ಯಾಕೆ ಎಂದು ಕೇಳಿದರೆ ಅದಕ್ಕೆ ಬಾಯಿ ಇರಲಿಲ್ಲ. ಈ ಹೊಲದಲ್ಲಿ ಕಾಯಿ ಕಟ್ಟಿತು, ಆ ಹೊಲದಲ್ಲಿ ಯಾಕೆ ಕಟ್ಟಲಿಲ್ಲ. ಅದಕ್ಕೇ ಮಳೆಗಾಲ ಪೂರ್ತಿ ಕೂತು, ಒಂದೇ ಲೆಕ್ಕವನ್ನು ಬೇಕಾದ ಕಡೆಯಿಂದ ತಿರುಗಿಸಿ ನೋಡುವ ಡೇಟಾ ಕ್ಯೂಬ್ ಸೇರಿಸಿದೆ, ವರದಿಗಳನ್ನು ಸೇರಿಸಿದೆ, ಎಲ್ಲ ಕನ್ನಡದಲ್ಲಿ, ಸಭೆಯಲ್ಲಿ ತಿಳಿಸಿ ಹೇಳಿದ್ದೆ, ಕಣದಾಗಿನ ರಾಶಿ ಇದ್ದಂಗ್ರಿ ಇದು, ರಾಶಿ ಒಂದ, ಜರಡಿ ಬ್ಯಾರೆ ಬ್ಯಾರೆ, ಹೊಲದ ಜರಡಿ ಹಿಡದ್ರ ಹೊಲ ಕಾಣತೈತಿ, ವಾರದ ಜರಡಿ ಹಿಡದ್ರ ವಾರ, ಆಳಿನ ಜರಡಿ ಹಿಡದ್ರ ಆಳು. ಎಲ್ಲರೂ ತಲೆಯಾಡಿಸಿದ್ದರು. ಮಾಡಿದ್ದನ್ನು ಇಂಟರ್ನೆಟ್ಟಿಗೂ ಹಾಕಿದೆ, ನಾನು ಹೆಸರು ಕೇಳದ ಊರಿನವರು ತೆಗೆದುಕೊಂಡರು, ಧನ್ಯವಾದ ಬರೆದರು, ಹಿಗ್ಗಿದ್ದೆ, ಅವರೂ ಈಗ ಯಾರ ಹೆಸರಿಗೆ ಸುತ್ತು ಹಾಕುತ್ತಿದ್ದಾರೋ — ಟ್ರ್ಯಾಕ್ಟರು ಎದುರಿಗೆ ಬಂತು, ಪಕ್ಕಕ್ಕೆ ಸರಿ, ಧೂಳು, ಕಣ್ಣೊಳಗೆಲ್ಲ ಧೂಳು.

ನಮ್ಮದು ಬೆಂಡಿಕಾಯಿಯ ಬೀಜ. ಗಂಡು ಗಿಡದ ಹೂವು ತಂದು ಹೆಣ್ಣು ಗಿಡದ ಹೂವಿಗೆ ಕೈಯಿಂದಲೇ ಸವರಬೇಕು, ಒಂದೊಂದಕ್ಕೂ, ಕ್ರಾಸಿಂಗ್ ಅನ್ನುತ್ತಾರೆ ಎಲ್ಲರೂ, ಹೆಂಗಸರೇ ಮಾಡುವುದು. ಗಂಡು ಹೂವು ಬೆಳೆಯುವುದು ಅಧ್ಯಕ್ಷ ಬಸವಣ್ಣೆಪ್ಪನವರ ಮನೆಯ ಹಿತ್ತಲ ಹೊಲದಲ್ಲಿ, ಬೆಳಕು ಹರಿಯುವಾಗ ಕೊಯ್ದು ಡಬ್ಬಿಯಲ್ಲಿ ತುಂಬಿ ಬೈಕಿನ ಮೇಲೆ ಹೊಲ ಹೊಲಕ್ಕೆ ಮುಟ್ಟಿಸುವುದು ಸುದೀಪನ ಕೆಲಸ. ನಿನ್ನೆ ಸಭೆಯಲ್ಲಿ ಬಸವಣ್ಣೆಪ್ಪನವರು ಕುರ್ಚಿಗೆ ಒರಗಿ, ಯಾರ ಕೈಗುಣ ಚಲೋ ಇಲ್ಲ, ಅದೊಂದು ತೋರಸವಾ ತಂಗಿ, ಎಂದರು. ತೋರಿಸಿದೆ. ಪ್ರೊಜೆಕ್ಟರಿನ ಬೆಳಕಲ್ಲಿ ಗೋಡೆಯ ಮೇಲೆ ಹೆಸರುಗಳು ಮೂಡಿದವು, ಎಲ್ಲಕ್ಕಿಂತ ಕೆಳಗೆ ಹುಚ್ಚವ್ವ, ಯಾರೋ ನಕ್ಕರು. ಸ್ವಲ್ಪ ತಡೀರಿ ಎಂದೆ. ಹೊಲದ ಪ್ರಕಾರ ತಿರುಗಿಸಿದೆ, ಹುಚ್ಚವ್ವ ಯಾವಾಗಲೂ ಕೆರೆಯಾಚೆಯ ಹೊಲದವಳು, ಆ ಹೊಲಕ್ಕೆ ಯಾರು ಹೋದರೂ ಆ ವಾರ ಕೆಳಗೇ ಬೀಳುತ್ತಾರೆ, ಕುಲಸುಮಬಿಯೂ ಬಿದ್ದಿದ್ದಾಳೆ. ಹೂವು ತಲುಪಿದ ಹೊತ್ತಿನ ಪ್ರಕಾರ ತಿರುಗಿಸಿದೆ, ಬೈಕು ಮೊದಲು ಅಧ್ಯಕ್ಷರ ಸ್ವಂತ ಹೊಲಗಳಿಗೆ, ಆಮೇಲೆ ಅವರ ಬೀಗರ ಹೊಲಕ್ಕೆ, ಆಮೇಲೆ ಚಹಾದಂಗಡಿಗೆ, ಕೆರೆಯಾಚೆಗೆ ಬರುವಷ್ಟರಲ್ಲಿ ಬಿಸಿಲೇರಿ ಡಬ್ಬಿಯೊಳಗಿನ ಹೂವು ಬೆಂದಿರುತ್ತದೆ, ಬೆಂದ ಹೂವು ಸವರಿದರೆ ಯಾವ ಕೈಗೆ ಕಾಯಿ ಕಟ್ಟೀತು. ಎಲ್ಲ ಗೋಡೆಯ ಮೇಲೇ ಇತ್ತು, ಅಷ್ಟು ಅಗಲಕ್ಕೆ. ಸುದೀಪ ಕಿಟಕಿ ನೋಡುತ್ತಿದ್ದ. ಬಸವಣ್ಣೆಪ್ಪನವರು ಎದ್ದು ಬಂದು, ಇಷ್ಟೆಲ್ಲಾ ತಿರುವೂದು ಬ್ಯಾಡ, ಮೊದಲ ತೋರಿಸಿದ್ದಷ್ಟ ಸಾಕು, ಎಂದು ನನ್ನ ಲ್ಯಾಪ್‌ಟಾಪಿನ ಮೇಲೆ ಅಂಗೈಯಿಟ್ಟು ಮೆಲ್ಲಗೆ ಮುಚ್ಚಿದರು, ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ಒದರಲಿಲ್ಲ, ಬಯ್ಯಲಿಲ್ಲ, ಚಹಾ ತರಿಸಿದರು. ಜಗತ್ತಿನಲ್ಲಿ ಯಾರು ಬೇಕಾದರೂ ಬಿಚ್ಚಬಹುದಾದ ಸಾಫ್ಟ್‌ವೇರು, ಒಂದು ಅಂಗೈಯಲ್ಲಿ ಮುಚ್ಚಿಹೋಯಿತು, ಎಲ್ಲರೂ ಚಹಾ ಕುಡಿದರು.

ಹುಚ್ಚವ್ವ ತನ್ನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಾಳೆ, ಬುತ್ತಿಯ ಗಂಟು ಪಕ್ಕದಲ್ಲಿ, ಬಿಚ್ಚಿಲ್ಲ. ಕುಂದ್ರು ಬಾ ಎನ್ನುತ್ತಾಳೆ, ಯಾಕೆ ಬಂದೆ ಎಂದೂ ಕೇಳುವುದಿಲ್ಲ. ಹೇಳಿದೆ, ಸಭೆ, ಗೋಡೆ, ಸುದೀಪನ ಫೋನು, ಎಲ್ಲ ಹೇಳಿದೆ, ಮುಗಿದ ಮೇಲೆ ಅವಳು ಕೇಳಿದಳು, ಅದರಾಗ ನನ್ನ ಹೆಸರು ಐತೇನು. ಐತಿ ಬೇ. ಮತ್ತ ನನಗ್ಯಾಕ ತೋರಿಸಲಿಲ್ಲ. ಅಧ್ಯಕ್ಷರಿಗೆ ಒಂದು ಪುಟ, ಮ್ಯಾನೇಜರನಿಗೆ ಒಂದು ಪುಟ, ಬೀಜ ಕೊಳ್ಳುವವರಿಗೆ ಬಣ್ಣದ ಪುಟ, ಯಾರ ಹೆಸರು ಒಳಗಿದೆಯೋ ಅವರಿಗೆ ಒಂದೂ ಇಲ್ಲ, ಸಂಘ ಕೇಳಲಿಲ್ಲ, ನಾನೂ ಮಾಡಲಿಲ್ಲ, ಮತ್ತೆ ನಾನು ಯಾರ ಮೇಲೆ ಉರಿಯುತ್ತ ಬಂದೆ ಇಷ್ಟು ದಾರಿ — ಅವರ ಮೇಲೇ, ಅವರ ಮೇಲೆ ಉರಿಯಲೇಬೇಕು. ಲ್ಯಾಪ್‌ಟಾಪು ತೆಗೆದೆ, ಕಟ್ಟೆಯ ಮೇಲೇ, ಒಂದೊಂದು ಸಾಲೂ ಓದಿ ಹೇಳಿದೆ, ಹೆಸರಿನದು, ಹೊಲದ್ದು, ಹೊತ್ತಿನದು. ಕೇಳಿ ಮುಗಿಸಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕೈಗುಣ ಅಲ್ಲ ಹಂಗಾರ, ಎಂದಳು, ನನಗಲ್ಲ, ತನಗೇ ಹೇಳಿಕೊಂಡ ಹಾಗೆ, ಇಷ್ಟು ದಿನ ಅವಳೂ ಅದನ್ನೇ ನಂಬಿದ್ದಳೇ, ದೇವರೇ. ಆಗಲೇ ಫೋನು ತೆಗೆದೆ, ಹೊತ್ತಿನ ವರದಿಯನ್ನು ಅದೇ ಗುಂಪಿಗೆ ಹಾಕಿದೆ, ಕೆಳಗೆ ಬರೆದೆ, ಹುಚ್ಚವ್ವನ ತಪ್ಪಿಲ್ಲ, ಹೂವು ತಡವಾಗಿ ಬರುತ್ತದೆ, ತರುವವರು ಸುದೀಪ. ಐದು ನಿಮಿಷವೂ ಇಲ್ಲ, ಸುದೀಪ ನನ್ನನ್ನು ಗುಂಪಿನಿಂದ ತೆಗೆದ. ಬಸವಣ್ಣೆಪ್ಪನವರ ಫೋನು ಬಂತು, ಎತ್ತಲಿಲ್ಲ, ಮತ್ತೆ ಬಂತು, ಎತ್ತಲಿಲ್ಲ, ಕೆಲಸ ಹೋಯಿತು, ಹೋಗಲಿ, ಆಮೇಲೆ ಗೊತ್ತಿಲ್ಲದ ನಂಬರು, ನಾನು ಸವಣೂರಿನ ಖಾದರಸಾಬ ರೀ, ಇಲ್ಲಿ ಪ್ಲಾಟಿನ ಮೇಸ್ತ್ರಿ, ನೀವು ಹಾಕಿದ್ದು ನೋಡಿದೆ, ಆ ಅಕ್ಕಾರನ್ನ ಸೋಮವಾರ ನಮ್ಮ ಕಡೆ ಕಳಿಸಿಕೊಡ್ರಿ, ಇರಾಕ ಖೋಲಿನೂ ಐತಿ, ಮತ್ತ ಆ ಹೊತ್ತಿನ ಲೆಕ್ಕ ನಮ್ಮದೂ ಒಂದು ಮಾಡಿಕೊಡ್ರಿ. ಗೆದ್ದೆ ಅನಿಸಿತು, ಅನಿಸಲಿಲ್ಲ ಎಂದರೆ ಸುಳ್ಳು, ಕುಣಿಯುತ್ತ ಹೇಳಿದೆ ಅವಳಿಗೆ, ಸೋಮವಾರದಿಂದ ಸವಣೂರಾಗ ಕೆಲಸ ಬೇ. ಹುಚ್ಚವ್ವ ಕೆರೆಯ ಕಡೆ ನೋಡುತ್ತಿದ್ದಳು. ಸೋಮವಾರದ್ದು ಆತು, ಎಂದಳು, ಇವತ್ತಿನವು?

ಇವತ್ತಿನವು ಅಂದರೆ ಏನೆಂದು ನನಗೆ ಹೊಳೆಯಲಿಲ್ಲ, ಹೊಲಕ್ಕ ನಡಿ ಎಂದಳು, ಸ್ಕೂಟಿಯ ಹಿಂದೆ ಕೂತು ಅವಳೇ ಹೇಳಿದಳು, ಕಿವಿಯ ಹತ್ತಿರ, ಗಾಳಿಗೆ ಅರ್ಧ ಹಾರಿಹೋಗುವ ಮಾತು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಬಿಡಿಸಬೇಕು, ಒಳಗಿನ ಗಂಡು ಭಾಗ ಚಿಮಟದಿಂದ ಕಿತ್ತು ತೆಗೆಯಬೇಕು, ಬೇರೆ ಹೂವಿನ ಧೂಳು ಕೂರದ ಹಾಗೆ ಮೇಲೊಂದು ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು, ಬೆಳಿಗ್ಗೆ ಟೊಪ್ಪಿಗೆ ತೆಗೆದು ಗಂಡು ಹೂವು ಸವರಬೇಕು, ಆ ಒಂದು ಬೆಳಿಗ್ಗೆ ಅಷ್ಟೇ, ಮಧ್ಯಾಹ್ನವಾದರೆ ಬಾಡಿ ಉದುರುತ್ತವೆ. ನಿನ್ನೆ ಸಂಜೆ ನಾವು ಗೋಡೆಯ ಮೇಲೆ ಅವಳ ಹೆಸರು ನೋಡುತ್ತಿದ್ದಾಗ ಅವಳು ಟೊಪ್ಪಿಗೆ ಹಾಕುತ್ತಿದ್ದಳು. ಕೆರೆಯ ಏರಿ ದಾಟಿದೆವು, ತಂತಿಬೇಲಿ, ಕುಲಸುಮಬಿ ತನ್ನ ಸಾಲಿನಿಂದಲೇ ಕೈಯಾಡಿಸಿದಳು, ಆಕಿ ಸಾಲಿಗೆ ಹೂವಾ ಕೊಟ್ಟಿಲ್ಲ, ಒಳಗ ಬಿಡಬ್ಯಾಡ ಅಂದಾರ, ನಾ ಏನ ಮಾಡ್ಲಿ, ಎಂದು ಕಣ್ಣು ತಗ್ಗಿಸಿದಳು. ಬೇಲಿಯಾಚೆ ಹುಚ್ಚವ್ವನ ಸಾಲುಗಳು, ಕೆಂಪು ಟೊಪ್ಪಿಗೆ, ಗಿಡಕ್ಕೊಂದು, ಗಿಡಕ್ಕೆರಡು, ಒಂದೂ ತೆಗೆದಿಲ್ಲ. ಸವಣೂರಿನಲ್ಲಿ ಕೆಲಸ ಸಿಕ್ಕಿತು, ಕೆಂಪು ಟೊಪ್ಪಿಗೆ, ಅವರನ್ನು ಸುಮ್ಮನೆ ಬಿಡುವುದಿಲ್ಲ, ಊರೂರಿಗೆ ಹೋಗಿ ಓದಿ ಹೇಳುತ್ತೇನೆ, ಕೆಂಪು ಟೊಪ್ಪಿಗೆ, ಹುಚ್ಚವ್ವ ತಂತಿಯ ಮೇಲೆ ಕೈಯಿಟ್ಟು ನಿಂತಿದ್ದಾಳೆ, ಬಿಸಿಲು ನೆತ್ತಿಗೆ ಬರುತ್ತಿದೆ, ಫೋನು ಮತ್ತೆ ಹೊಡೆದುಕೊಳ್ಳುತ್ತಿದೆ, ಹೊಡೆದುಕೊಳ್ಳಲಿ, ಒಂದು ಟೊಪ್ಪಿಗೆ ಗಾಳಿಗೆ ಅಲುಗಿತು, ಬೀಳಲಿಲ್ಲ, ಕೆಂಪು ಟೊಪ್ಪಿಗೆ, ಒಳಗೆ ಮೊಗ್ಗು ಬಾಯಿ ತೆರೆದು ಕಾದಿದೆ, ಕೆಂಪು ಟೊಪ್ಪಿಗೆ, ಅದರ ಪಕ್ಕ ಇನ್ನೊಂದು, ಕೆಂಪು