ನೀಲವ್ವನ ಕೋಲಿನ ಒಳಗೆ ನಾನು

ನಾನು ಒಂದು ಪುಟ್ಟ ಚಿಪ್. ಹುಟ್ಟಿದ್ದು ದೂರದ ಕಾರ್ಖಾನೆಯಲ್ಲಿ, ಬಿಳಿ ನಿಲುವಂಗಿಯವರ ನಡುವೆ. ಧೂಳೆಂದರೆ ಏನೆಂದು ಗೊತ್ತಾಗಿದ್ದು ಬಾಗಲಕೋಟೆಗೆ ಬಂದ ಮೇಲೆ. ನನ್ನ ನೆನಪಿನ ಜಾಗ ಬಹಳ ಕಡಿಮೆ. ಒಂದು ಸಲಕ್ಕೆ ಒಂದೇ ಬೈಟ್ ಎತ್ತಬಲ್ಲೆ. ಸೊನ್ನೆಯಿಂದ ಇನ್ನೂರ ಐವತ್ತೈದರವರೆಗಿನ ಒಂದು ಸಂಖ್ಯೆ ಅದರಲ್ಲಿ ಹಿಡಿಯುತ್ತದೆ, ಅಷ್ಟೇ.

ನನ್ನನ್ನು ಕೊಂಡವಳು ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದ ಮಹಾನಂದಾ. ಅವಳ ಸೋದರತ್ತೆ ನೀಲವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ, ಆದರೆ ಹಾಡಲು ಕುಳಿತರೆ ಇಡೀ ಓಣಿ ಕಿವಿಯಾಗುತ್ತಿತ್ತು. ಹತ್ತಿರದ ಶಾಲೆಯವರು ಸಂಗೀತ ಕಲಿಸಲು ಕರೆದಿದ್ದರು. ದಿನವೂ ಕೈಹಿಡಿದು ಕರೆದೊಯ್ಯುವವರು ಯಾರೆಂದು ನೀಲವ್ವ ಒಲ್ಲೆನೆಂದಿದ್ದಳು. ಅದಕ್ಕೇ ಮಹಾನಂದಾ ನನ್ನನ್ನು ಒಂದು ಕೋಲಿನೊಳಗೆ ಕೂರಿಸಿದಳು. ಎದುರಿನ ಅಡ್ಡಿ ಎಷ್ಟು ದೂರವಿದೆ ಎಂದು ಕೋಲಿಗೆ ಕಟ್ಟಿದ ಸೆನ್ಸರ್ ಅಳೆದು ಹೇಳಬೇಕು, ನಾನು ಹಿಡಿಕೆಯನ್ನು ನಡುಗಿಸಿ ಎಚ್ಚರಿಸಬೇಕು.

ಅವಳು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂನಲ್ಲಿ ಪ್ರತಿ ಅಳತೆಯೂ ಫ್ಲೋಟ್ ಎಂಬ, ದಶಾಂಶದ ಬಾಲವಿದ್ದ ಸಂಖ್ಯೆ. ಒಂದೊಂದಕ್ಕೂ ನಾಲ್ಕು ಬೈಟ್. ಅಂಥವನ್ನು ರಾಶಿ ಹಾಕಿಕೊಂಡು ಸರಾಸರಿ ತೆಗೆಯುವಷ್ಟರಲ್ಲಿ ನನಗೆ ಏದುಸಿರು. ನಾನು ಹಿಡಿಕೆ ನಡುಗಿಸುವ ಹೊತ್ತಿಗೆ ನೀಲವ್ವನ ಮೊಣಕಾಲು ಬಾಳೆಹಣ್ಣಿನ ಗಾಡಿಗೆ ಬಡಿದಾಗಿತ್ತು. ಮಹಾನಂದಾ ಅತ್ತೇಬಿಟ್ಟಳು. ಮಿಲಿಮೀಟರಿನ ಚೂರೂ ತಪ್ಪದಂತೆ ಇನ್ನೂ ನಿಖರ ಮಾಡುತ್ತೇನೆ ಎಂದಳು.

ನೀಲವ್ವ ಮೊಣಕಾಲು ತಿಕ್ಕಿಕೊಳ್ಳುತ್ತ ನಕ್ಕಳು. "ಅಷ್ಟು ಸಣ್ಣ ಲೆಕ್ಕ ನನಗ್ಯಾಕವ್ವಾ? ಮೂರು ಹೆಜ್ಜಿ ಮುಂದ ಏನರ ಐತೇನು, ಅಷ್ಟು ಲಗೂನ ಹೇಳಿದ್ರ ಸಾಕು."

ಮಹಾನಂದಾ ಕಣ್ಣೊರೆಸಿಕೊಂಡು ಕುಳಿತಳು. ಮೂರು ಹೆಜ್ಜೆ ಸುಮಾರು ಎರಡು ಮೀಟರ್, ಎಂದರೆ ಇನ್ನೂರು ಸೆಂಟಿಮೀಟರ್. ಅನ್‌ಸೈನ್ಡ್ ಚಾರ್ ಎಂಬ ಒಂದೇ ಬೈಟಿನ ಡಬ್ಬಿಯಲ್ಲಿ ಅದು ಆರಾಮಾಗಿ ಕೂರುತ್ತದೆ. ಅದಕ್ಕೂ ದೂರದ್ದನ್ನೆಲ್ಲ ಇನ್ನೂರೆಂದೇ ತಿಳಿದುಕೊಳ್ಳುವಂತೆ ಬರೆದಳು. ಅಳತೆಗಳನ್ನು ಕೂಡಿಸುವ ಕಡೆ ಮಾತ್ರ, ಮೊತ್ತ ಒಂದು ಬೈಟಿನಲ್ಲಿ ಹಿಡಿಯದೆಂದು, ಇಂಟ್ ಎಂಬ ಎರಡು ಬೈಟಿನ ಡಬ್ಬಿ ಕೊಟ್ಟಳು.

ನನ್ನ ಮೈಮೇಲಿನ ಹೊರೆಯೇ ಇಳಿದಂತಾಯಿತು. ಸೆನ್ಸರ್ ಹೇಳಿ ಮುಗಿಸುವಷ್ಟರಲ್ಲಿ ನಾನು ಹಿಡಿಕೆ ನಡುಗಿಸಿದೆ. ನೀಲವ್ವ ಗಾಡಿಯನ್ನು ಸುತ್ತಿ ಹೋದಳು, ನಿಲ್ಲಿಸಿದ್ದ ಬೈಕನ್ನು ಸುತ್ತಿ ಹೋದಳು, ದಾರಿಯಲ್ಲೇ ಮಲಗಿದ್ದ ಎಮ್ಮೆಯನ್ನೂ ಸುತ್ತಿ ಹೋದಳು. ಮಹಾನಂದಾ ಹಿಂದೆ ಹಿಂದೆಯೇ ಬರುತ್ತಿದ್ದಳು. ಶಾಲೆಯ ತಿರುವಿನಲ್ಲಿ ನೀಲವ್ವ ನಿಂತು ಮೆಲ್ಲಗೆ ಹೇಳಿದಳು:

"ಇನ್ನ ನೀ ಮನಿಗೆ ಹೋಗು."

ಆ ಕೋಲು ಸವೆಯುವವರೆಗೂ ನಾವಿಬ್ಬರೂ ದಿನಾ ಶಾಲೆಗೆ ಹೋದೆವು. ಈಗ ಅವಳ ಹೊಸ ಕೋಲಿನಲ್ಲಿ ದೊಡ್ಡ ಚಿಪ್ ಇದೆ. ನಾನು ಪಾಲಿಟೆಕ್ನಿಕ್‌ನ ಪ್ರಯೋಗಾಲಯಕ್ಕೆ ಬಂದಿದ್ದೇನೆ. ನನ್ನ ತಂತಿಗಾಲುಗಳಲ್ಲಿ ಒಂದು ಸೊಟ್ಟಗಾಗಿದೆ, ಆದರೂ ಹೊಸದಾಗಿ ಕಲಿಯುವವರು ಹೇಳಿದಂತೆ ಬಣ್ಣದ ದೀಪ ಮಿನುಗಿಸುತ್ತೇನೆ. ದೊಡ್ಡ ಚಿಪ್ಪುಗಳನ್ನು ಕಂಡು ನನಗೆ ಹೊಟ್ಟೆಕಿಚ್ಚಿಲ್ಲ. ಒಬ್ಬ ಹೆಂಗಸು ಮೊದಲ ಸಲ ತಾನೊಬ್ಬಳೇ ಬೀದಿಯ ತಿರುವು ದಾಟಿದಾಗ, ಅವಳ ಅಂಗೈಗೆ ತಾಗಿಕೊಂಡು ನಾನಿದ್ದೆ.