ಬದುಕಿದ್ದವಳಿಗೆ ಹಾಡಿದ ಶೋಕ

ನಾರಿನ್ ಕಣಿವೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಶೋಕ ಹಾಡಲು ಸೋನುನ್‌ಗೇ ಕರೆ. ಅವಳು ಬಾಯಿ ತೆರೆದರೆ ಕಲ್ಲೂ ಕರಗೀತು ಎನ್ನುತ್ತಿದ್ದರು ಜನ. ಈ ಸಲ ಕರೆದವರು ಸಿನಿಮಾದವರು. ಒಂದು ಕಿರುಕಾದಂಬರಿಯನ್ನು ಚಿತ್ರ ಮಾಡುತ್ತಿದ್ದರು. ಬದುಕಿರುವ ಮಗಳನ್ನು ಸತ್ತಳೆಂದೇ ನಂಬಿ ಹುಚ್ಚಾಗುವ ತಾಯಿಯ ಕಥೆ; ಆ ಮಗಳಿಗೆ ಶೋಕ ಹಾಡಬೇಕಿತ್ತು.

"ಉಸಿರಾಡೋರಿಗೆ ಹಾಡಬಾರದಪ್ಪ. ಹಾಡಿದ್ರೆ ಅವರು ಕೈತಪ್ಪಿ ಹೋಗ್ತಾರೆ," ಎಂದಳು ಸೋನುನ್.

"ಅಯ್ಯೋ ಅಕ್ಕಾ, ಇಲ್ಲಿ ಸತ್ತೋರು ಯಾರು, ಇರೋರು ಯಾರು? ಎಲ್ಲಾ ಸುಳ್ಳು. ಕಥೇಲಿರೋ ಹೆಸರು ಹೇಳಿ ಅತ್ತುಬಿಡಿ, ಸಾಕು," ಎಂದ ನಿರ್ದೇಶಕ ಎಮಿಲ್.

ಒಪ್ಪಿದ್ದೇ ತಪ್ಪಾಯಿತು. ಶೋಕಗೀತೆ ಬಾಯಿಪಾಠವಲ್ಲ. ಸತ್ತವರ ನಡೆ, ನಗು, ಹಟ ಕಣ್ಣ ಮುಂದೆ ಬಂದರಷ್ಟೇ ಪದ ಹುಟ್ಟುತ್ತದೆ. ಹುಟ್ಟಿಯೇ ಇರದವಳ ನಗುವನ್ನು ಎಲ್ಲಿಂದ ತರುವುದು? ಕ್ಯಾಮೆರಾ ಓಡುತ್ತಿತ್ತು; ಶೋಕ ಹಾಡುವವರ ರೂಢಿಯಂತೆ ಡೇರೆಯ ಗೋಡೆಗೆ ಮುಖ ಮಾಡಿ ಕೂತ ಸೋನುನ್ ತಡಕಾಡಿದಳು. ಕೈಗೆ ಸಿಕ್ಕಿದ್ದು ತನ್ನ ಒಬ್ಬಳೇ ಮಗಳು: ಎಡಗಾಲು ತುಸು ಎಳೆದು ನಡೆಯುವ, ಕುದುರೆ ಹಾಲು ಕುಡಿದು ಮೂಗಿಗೆಲ್ಲ ನೊರೆ ಮೆತ್ತಿಕೊಳ್ಳುವ ಅನಾರ. ಹಾಡು ಹೊಳೆಯಾಗಿ ಹರಿಯಿತು. ಕೊನೆಗೆ ಕಥೆಯ ಹೆಸರಿನ ಬದಲು ಅನಾರಳ ಹೆಸರೇ ಬಂದುಬಿಟ್ಟಿತು.

"ಕಟ್! ಇದಕ್ಕಿಂತ ಬೇಕಾ!" ಎಮಿಲ್ ಕುಣಿದಾಡಿದ.

"ಅದನ್ನ ಸುಟ್ಟುಹಾಕಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ನಾನು ನನ್ನ ಮಗಳಿಗೇ ಹಾಡಿಬಿಟ್ಟೆ."

"ಹೆಸರೊಂದು ಅಳಿಸ್ತೀವಿ, ಬಿಡಿ."

ಅಳಿಸಿದರು ಕೂಡ. ಉಳಿದದ್ದೆಲ್ಲ ಅನಾರಳೇ ಆಗಿತ್ತು, ಅದನ್ನು ಅಳಿಸುವವರು ಯಾರು?

ಪೇಟೆಯಲ್ಲಿ ಚಿತ್ರ ನೋಡಿದ ಅನಾರ ನಗುನಗುತ್ತ ಮನೆಗೆ ಬಂದಳು. "ಅವ್ವಾ, ಇಷ್ಟು ಚೆನ್ನಾಗಿ ಅಳ್ತೀಯ ಅಂತ ಗೊತ್ತಿದ್ದಿದ್ರೆ ಯಾವಾಗ್ಲೋ ಸಾಯ್ತಿದ್ದೆ!"

ಸೋನುನ್ ನಗಲು ಹೋದಳು, ಆಗಲಿಲ್ಲ. ಮಗಳು ಚಹಾ ಬಗ್ಗಿಸಿದರೆ ಶೋಕದ ಒಂದು ಸಾಲು, ಜಡೆ ಬಿಚ್ಚಿದರೆ ಮತ್ತೊಂದು ಗಂಟಲಿಗೆ ಬಂದು ನಿಲ್ಲುತ್ತಿತ್ತು. ಹಲ್ಲು ಕಚ್ಚಿ ನುಂಗಿದಳು. ನುಂಗಿದಷ್ಟೂ ಉಕ್ಕಿತು. ಪಾಪದ ಹೆಂಗಸು, ತನ್ನ ಗಂಟಲಿಗೆ ತಾನೇ ಹೆದರಿದಳು.

ಒಂದು ಸಂಜೆ ಅನಾರ ಓಡಿಬಂದು ತಬ್ಬಿಕೊಂಡಳು. "ಯಾಕವ್ವಾ ನಡುಗ್ತೀಯ? ನಾನಿಲ್ಲೇ ಇದೀನಲ್ಲ!"

ಮಗಳ ಮೈ ಬೆಚ್ಚಗಿತ್ತು, ಎದೆ ಬಡಿಯುತ್ತಿತ್ತು. ಸೋನುನ್ ಆ ಕೆನ್ನೆ ಸವರಿ ಮೆಲ್ಲಗೆ ಕೇಳಿದಳು:

"ನಿನ್ನ ಎಲ್ಲಿ ಮಣ್ಣು ಮಾಡಿದ್ರು ಮಗಳೇ? ಹೆಂಗಸರನ್ನ ಗೋರಿ ಹತ್ರ ಬಿಡೋಲ್ವಲ್ಲ, ನಂಗ್ಯಾರೂ ಹೇಳ್ಲೇ ಇಲ್ಲ."